ಹೆದರಿದ ಪ್ರಾಣಿಗೆ ಮೆದು ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿಯಿಂದಲೋ ಶೆಲ್ಟರಿನಿಂದಲೋ ಬಂದು, ಮನುಷ್ಯರ ನೆರಳು ಬಿದ್ದರೂ ಮುದುಡಿಕೊಳ್ಳುವ ನಾಯಿ, ಬೆಕ್ಕುಗಳನ್ನು ಮುಟ್ಟಿ ಸಮಾಧಾನಪಡಿಸುವ ಬಗ್ಗೆ ಬರುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ಕೈ ಇಡುವುದಕ್ಕೆ ಮೊದಲು ಕೈ ತೆಗೆಯುವುದನ್ನು ಕಲಿಯಬೇಕು.

ಮನೆಗೆ ಬಂದ ದಿನವೇ ಮುಟ್ಟಿ ಸಮಾಧಾನ ಮಾಡಬಹುದಾ?

ಬೇಡ. ರಕ್ತ ಸೋರುತ್ತಿದೆ, ಉಸಿರಾಡಲು ಕಷ್ಟಪಡುತ್ತಿದೆ ಎಂಬಂಥ ತುರ್ತಿದ್ದರೆ ಮಾತು ಬೇರೆ. ಇಲ್ಲವಾದರೆ ಮೊದಲ ಎರಡು ಮೂರು ದಿನ ನೀರು, ಊಟ, ಅಡಗಿಕೊಳ್ಳಲು ಒಂದು ಮೂಲೆ ಕೊಟ್ಟು ಸುಮ್ಮನಿರಿ. ಗಾಬರಿಯಲ್ಲಿ ಮೈಯಲ್ಲಿ ಏರಿದ ಒತ್ತಡದ ಹಾರ್ಮೋನುಗಳು ಇಳಿಯಲು ಸಮಯ ಬೇಕು. ಬೆಕ್ಕಿಗೆ ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿಸಿ ಇಟ್ಟರೂ ಸಾಕು. ಅಡಗಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಹೊಂದಿಕೊಂಡವು ಎಂದು ನೆದರ್ಲೆಂಡ್ಸಿನ ಶೆಲ್ಟರೊಂದರಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಪೆಟ್ಟಿಗೆಯೊಳಗೆ ಕೈ ಹಾಕಿ ನೇವರಿಸಲು ಹೋದಿರೋ, ಆ ಪೆಟ್ಟಿಗೆಯ ಉಪಯೋಗ ಅಲ್ಲಿಗೆ ಮುಗಿಯಿತು.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಸಾಕುವವರ ನಡುವೆ ಚಾಲ್ತಿಯಲ್ಲಿದೆ. ಗಾಬರಿ ಇಳಿಯಲು ಮೂರು ದಿನ, ದಿನಚರಿ ಅರ್ಥವಾಗಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಇದೊಂದು ಅಂದಾಜು ಅಷ್ಟೇ, ಪ್ರಾಣಿಗಳು ಕ್ಯಾಲೆಂಡರ್ ನೋಡುವುದಿಲ್ಲ.

ಮುಟ್ಟಲು ಶುರುಮಾಡುವ ಹೊತ್ತು ಬಂದಿದೆ ಎಂದು ತಿಳಿಯೋದು ಹೇಗೆ?

ನೀವು ಅದೇ ಕೋಣೆಯಲ್ಲಿದ್ದರೂ ಊಟ ಮಾಡುತ್ತಿದೆ. ಮೈ ಚೆಲ್ಲಿ, ಮಗ್ಗುಲಾಗಿ ಮಲಗುತ್ತಿದೆ. ತಾನಾಗಿ ಹತ್ತಿರ ಬಂದು ಮೂಸುತ್ತದೆ, ಮೂಸಿದ ಮೇಲೆ ಹಿಂದೆ ಸರಿಯದೆ ಅಲ್ಲೇ ನಿಲ್ಲುತ್ತದೆ. ಈ ಮೂರರಲ್ಲಿ ಕೊನೆಯದೇ ಮುಖ್ಯ. ಕತ್ತು ಮಾತ್ರ ಉದ್ದ ಚಾಚಿ, ಹಿಂಗಾಲನ್ನು ಓಡಲು ತಯಾರಾಗಿ ಹಿಂದೆಯೇ ಊರಿಕೊಂಡು ಮೂಸಿದರೆ, ಅದು ಬಂದಿರುವುದು ವಿಚಾರಿಸಿಕೊಳ್ಳಲು, ಮುಟ್ಟಿಸಿಕೊಳ್ಳಲು ಬಂದಿಲ್ಲ. ಕೈ ಮೂಗಿನ ಹತ್ತಿರ ಒಡ್ಡಬೇಡಿ, ತೊಡೆಯ ಮೇಲೆ ಬಿಟ್ಟಿರಿ.

ಒಪ್ಪಿಗೆ ಇದೆಯೋ ಇಲ್ಲವೋ, ಪ್ರಾಣಿ ಹೇಳೋದು ಹೇಗೆ?

ಮೂರು ಸೆಕೆಂಡಿನ ಪರೀಕ್ಷೆ ಇದಕ್ಕೇ ಇದೆ. ನಾಯಿಯ ಎದುರಿಗಲ್ಲದೆ ಪಕ್ಕಕ್ಕೆ, ಅದು ನೋಡುತ್ತಿರುವ ದಿಕ್ಕಿಗೇ ಮುಖ ಮಾಡಿ ನೆಲದ ಮೇಲೆ ಕೂರಿ. ಹತ್ತಿರದ ಕೈಯನ್ನು ಕೆಳಗಿನಿಂದ ತಂದು ಎದೆಯ ಪಕ್ಕಕ್ಕೋ ಹೆಗಲಿಗೋ ತಾಗಿಸಿ. ಒಂದು, ಎರಡು, ಮೂರು ಎಣಿಸುವಷ್ಟು ನಿಧಾನವಾಗಿ ಸವರಿ, ಕೈಯನ್ನು ಪೂರ್ತಿ ತೆಗೆದುಬಿಡಿ. ಈಗ ನೋಡಿ.

ಇನ್ನೂ ಬೇಕಿದ್ದರೆ ನಾಯಿ ನಿಮ್ಮತ್ತ ವಾಲುತ್ತದೆ, ಮೂತಿಯಿಂದ ಕೈಯನ್ನು ಎತ್ತುತ್ತದೆ, ಒಂದು ಹೆಜ್ಜೆ ಹತ್ತಿರ ಬರುತ್ತದೆ. ಬೇಡದಿದ್ದರೆ ತಲೆ ತಿರುಗಿಸುತ್ತದೆ, ಊಟವಿಲ್ಲದಿದ್ದರೂ ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಒಂದು ಮುಂಗಾಲು ಎತ್ತಿ ಹಿಡಿಯುತ್ತದೆ, ತಲೆ ಆ ಕಡೆ ಇಟ್ಟು ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಗಣ್ಣಲ್ಲಿ ನೋಡುತ್ತದೆ, ಎದ್ದು ಹೋಗಿ ಒದ್ದೆಯಾದಂತೆ ಮೈ ಕೊಡವುತ್ತದೆ. ಇವುಗಳಲ್ಲಿ ಒಂದೇ ಕಂಡರೂ ಇವತ್ತಿಗೆ ಸಾಕು ಎಂದು ಲೆಕ್ಕ. ಏನೂ ಮಾಡದೆ ಹಾಗೇ ಕೂತಿದ್ದರೆ? ಅದನ್ನೂ ಬೇಡ ಎಂದೇ ತಿಳಿಯಿರಿ. ಯಾಕೆಂದು ಮುಂದಿನ ಉತ್ತರದಲ್ಲಿದೆ.

ಎಲ್ಲಿ ಮುಟ್ಟಿದರೂ ಅಲುಗಾಡದೆ ಸುಮ್ಮನಿರುತ್ತೆ. ಅಂದರೆ ಇಷ್ಟ ತಾನೆ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಓಡಲು ದಾರಿಯಿಲ್ಲ, ಕಚ್ಚಲು ಧೈರ್ಯವಿಲ್ಲ ಎಂದಾದಾಗ ಪ್ರಾಣಿ ಕಲ್ಲಾಗಿಬಿಡುತ್ತದೆ. ನೋಡುವವರಿಗೆ ಅದು ಸಾಧು ಸ್ವಭಾವದಂತೆ ಕಾಣುತ್ತದೆ. "ಎಷ್ಟು ಪಾಪದ್ದು, ಎತ್ತಿಕೊಂಡರೂ ಏನೂ ಮಾಡಲ್ಲ" ಎಂದು ಹೊಗಳಿಸಿಕೊಂಡ ನಾಯಿ ಮೂರನೆಯ ವಾರ ಇದ್ದಕ್ಕಿದ್ದಂತೆ ಕಚ್ಚಿತು ಎನ್ನುವ ದೂರುಗಳ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಮೊದಲ ದಿನದಿಂದಲೂ ಅದು ಬೇಡ ಅನ್ನುತ್ತಲೇ ಇತ್ತು, ಹೇಳುವಷ್ಟು ಧೈರ್ಯ ಬಂದದ್ದು ಮೂರನೆಯ ವಾರ.

ನೆಮ್ಮದಿಗೂ ಮರಗಟ್ಟುವಿಕೆಗೂ ವ್ಯತ್ಯಾಸ ಕಾಣುವುದು ಸಣ್ಣ ಸ್ನಾಯುಗಳಲ್ಲಿ. ಬಾಯಿಯ ಮೂಲೆ ನೋಡಿ: ನೆಮ್ಮದಿಯಾಗಿದ್ದರೆ ಸಡಿಲ, ಹೆದರಿದ್ದರೆ ಹಿಂದಕ್ಕೆ ಎಳೆದು ಬಿಗಿದಿರುತ್ತದೆ. ಕಣ್ಣು ಮೆಲ್ಲಗೆ ಮಿಟುಕುತ್ತಿದೆಯೋ, ಪಾಪೆ ಅಗಲವಾಗಿ ಒಂದೇ ಕಡೆ ನೆಟ್ಟಿದೆಯೋ? ಬಾಲ ಹೊಟ್ಟೆಯಡಿ ಸೇರಿದೆಯೋ? ಅಂಗೈಯನ್ನು ಪಕ್ಕೆಯ ಮೇಲೆ ಬರಿದೇ ಇಟ್ಟರೆ, ಹೆದರಿದ ಪ್ರಾಣಿಯ ಚರ್ಮದಡಿ ಹಲಗೆಯಂಥ ಬಿಗಿತ ಸಿಗುತ್ತದೆ, ಉಸಿರು ಮೇಲೆಮೇಲೆ ಓಡುತ್ತಿರುತ್ತದೆ. ಸಡಿಲವಾಗುವಾಗ ಮೊದಲು ಒಂದು ದೀರ್ಘ ಉಸಿರು ಹೊರಬರುತ್ತದೆ, ಆಮೇಲೆ ಪಕ್ಕೆ ನಿಮ್ಮ ಕೈಗೆ ಭಾರ ಬಿಡುತ್ತದೆ. ಆ ಭಾರ ಒಮ್ಮೆ ಕೈಗೆ ಗೊತ್ತಾದರೆ ಆಮೇಲೆ ಗುರುತು ತಪ್ಪುವುದಿಲ್ಲ.

ಉಸಿರು ಎಣಿಸುವ ಅಭ್ಯಾಸವೂ ಒಳ್ಳೆಯದು. 15 ಸೆಕೆಂಡಿನಲ್ಲಿ ಪಕ್ಕೆ ಎಷ್ಟು ಸಲ ಏರಿತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ. ಮಲಗಿ ನಿದ್ದೆ ಮಾಡುತ್ತಿರುವ ಆರೋಗ್ಯವಂತ ನಾಯಿ, ಬೆಕ್ಕುಗಳಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 30ರೊಳಗಿರುತ್ತದೆ. ನಿದ್ದೆಯಲ್ಲೂ ದಿನದಿನವೂ ಅದಕ್ಕಿಂತ ಹೆಚ್ಚಿದ್ದರೆ ಹೆದರಿಕೆ ಎಂದುಕೊಂಡು ಕೂರಬೇಡಿ, ಪಶುವೈದ್ಯರಿಗೆ ತೋರಿಸಿ.

ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು?

ನಾಯಿಗೆ ಎದೆಯ ಮುಂಭಾಗ, ಹೆಗಲು, ಕತ್ತಿನ ಪಕ್ಕ. ನೆತ್ತಿಯ ಮೇಲಿಂದ ಕೈ ತರುವುದು, ಪಾದ ಹಿಡಿಯುವುದು, ಬಾಲ ಮುಟ್ಟುವುದು, ಮೇಲೆ ಬಗ್ಗಿ ತಬ್ಬಿಕೊಳ್ಳುವುದು ಸದ್ಯಕ್ಕೆ ಬೇಡ. ತಲೆ ತಟ್ಟುವುದು ನಮಗೆ ಪ್ರೀತಿ, ಹೊಡೆತ ತಿಂದ ನಾಯಿಗೆ ಅದು ಮೇಲಿಂದ ಬರುವ ಕೈ.

ಬೆಕ್ಕಿಗೆ ಕೆನ್ನೆ, ಗದ್ದ, ಕಿವಿಯ ಬುಡ. ಅಲ್ಲಿ ವಾಸನೆಯ ಗ್ರಂಥಿಗಳಿವೆ. ಅದು ಬಾಗಿಲು, ಕುರ್ಚಿ ಕಾಲುಗಳಿಗೆ ಉಜ್ಜುವ ಜಾಗಗಳೂ ಅವೇ. ಹೊಟ್ಟೆ, ಬಾಲದ ಬುಡ ಬಿಟ್ಟುಬಿಡಿ. ಬೆಕ್ಕು ಉರುಳಿ ಹೊಟ್ಟೆ ತೋರಿಸಿದರೆ ನಂಬಿಕೆ ಬಂದಿದೆ ಎಂದು ಸಂತೋಷಪಡಿ, ಕೈ ಹಾಕಬೇಡಿ.

ಎಷ್ಟು ಒತ್ತಬೇಕು, ಎಷ್ಟು ವೇಗವಾಗಿ ಸವರಬೇಕು?

ಒತ್ತಡವನ್ನು ನಿಮ್ಮ ಮೇಲೇ ಕಲಿಯಿರಿ. ಕಣ್ಣು ಮುಚ್ಚಿ, ನಡುಬೆರಳನ್ನು ರೆಪ್ಪೆಯ ಮೇಲಿಟ್ಟು ಚರ್ಮವನ್ನು ಸಣ್ಣಗೆ ಸರಿಸಿ. ಕಿರಿಕಿರಿಯಾಗದಂತೆ ಎಷ್ಟು ಒತ್ತಬಹುದೋ ಅದೇ ಮೇಲ್ಮಿತಿ. ಹಾಗೆಂದು ಗರಿ ಸೋಕಿದಂತೆ ತೀರಾ ಹಗುರವೂ ಬೇಡ. ನೊಣ ಕೂತಂತೆ ಕಚಗುಳಿಯಾಗಿ ಚರ್ಮ ಅದುರುತ್ತದೆ.

ವೇಗ ಸೆಕೆಂಡಿಗೆ 3ರಿಂದ 5 ಸೆಂಟಿಮೀಟರ್. ಕತ್ತಿನಿಂದ ಸೊಂಟದವರೆಗೆ 50 ಸೆಂಟಿಮೀಟರ್ ಇರುವ ನಾಯಿಯ ಬೆನ್ನಿಗೆ ಕಡಿಮೆಯೆಂದರೂ ಹತ್ತು ಸೆಕೆಂಡು ಬೇಕು. ಮಾಡಿ ನೋಡಿದರೆ ನಾವು ಮಾಮೂಲಿಯಾಗಿ ಎಷ್ಟು ಅವಸರದಲ್ಲಿ ಸವರುತ್ತೇವೆ ಎಂದು ಗೊತ್ತಾಗುತ್ತದೆ. ಈ ಅಂಕಿಗೆ ಕಾರಣವಿದೆ. ಕೂದಲಿರುವ ಚರ್ಮದಲ್ಲಿ ಮೆದುವಾದ, ನಿಧಾನದ ಸವರಿಕೆಗೇ ಮಿಡಿಯುವ ನರತಂತುಗಳಿವೆ. ಮನುಷ್ಯರಲ್ಲಿ ಇವು ಚೆನ್ನಾಗಿ ಮಿಡಿಯುವುದು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗಕ್ಕೆ. ಸವರಿಕೆಗೆ ಮಿಡಿಯುವ ಇಂಥದ್ದೇ ನರಕೋಶಗಳನ್ನು ಇಲಿಗಳಲ್ಲೂ ಗುರುತಿಸಿದ್ದಾರೆ. ತಟ್ಟುವುದು, ಗಸಗಸ ಉಜ್ಜುವುದು ಪ್ರಾಣಿಯನ್ನು ಹುರುಪಿಗೆ ತರುತ್ತವೆ, ಶಾಂತಗೊಳಿಸುವುದಿಲ್ಲ.

ದಿಕ್ಕು ಯಾವಾಗಲೂ ಕೂದಲು ಮಲಗಿರುವ ಕಡೆಗೇ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಟಿ-ಟಚ್ ಅಂದರೇನು? ಆ ಸುತ್ತುಗಳು ನಿಜಕ್ಕೂ ಕೆಲಸ ಮಾಡುತ್ತವಾ?

ಕುದುರೆಗಳನ್ನು ಪಳಗಿಸುತ್ತಿದ್ದ ಲಿಂಡಾ ಟೆಲ್ಲಿಂಗ್ಟನ್-ಜೋನ್ಸ್ 1975ರಲ್ಲಿ ಮೋಶೆ ಫೆಲ್ಡನ್‌ಕ್ರೈಸ್ ಅವರ ದೇಹಚಲನೆಯ ತರಬೇತಿಗೆ ಸೇರಿದರು. ಅಲ್ಲಿ ಕಲಿತದ್ದನ್ನು ಪ್ರಾಣಿಗಳಿಗೆ ಹೊಂದಿಸುತ್ತ ಬೆಳೆಸಿದ ವಿಧಾನವೇ ಟಿ-ಟಚ್.

ಮಾಡುವ ಕ್ರಮ ಹೀಗೆ. ನಾಯಿಯ ಹೆಗಲ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಗಡಿಯಾರದ ಮುಖವಿದೆ ಎಂದುಕೊಳ್ಳಿ, 6 ನೆಲದ ಕಡೆಗಿರಲಿ. ಒಂದು ಕೈ ಮೈಮೇಲೆ ಸುಮ್ಮನೆ ಆನಿಕೊಂಡಿರಲಿ. ಇನ್ನೊಂದು ಕೈಯ ಮೂರು ನಡುಬೆರಳುಗಳ ತುದಿಯನ್ನು 6ರ ಮೇಲಿಟ್ಟು 9, 12, 3 ದಾಟಿ ಮತ್ತೆ 6ಕ್ಕೆ ಬಂದು, ಅಲ್ಲಿಗೆ ನಿಲ್ಲದೆ 9ರವರೆಗೆ ಹೋಗಿ. ಒಂದೂಕಾಲು ಸುತ್ತು, ಸುಮಾರು ಎರಡು ಸೆಕೆಂಡು. ಒಂದು ಕ್ಷಣ ತಡೆದು ಬೆರಳೆತ್ತಿ ಎರಡು ಮೂರು ಬೆರಳಗಲ ಆಚೆ ಇಡಿ. ಬೆರಳು ಕೂದಲಿನ ಮೇಲೆ ಜಾರಬಾರದು, ಬೆರಳಿನ ಜೊತೆ ಚರ್ಮವೇ ಸರಿಯಬೇಕು. ಹೊಸಬರು ತಪ್ಪುವುದು ಇಲ್ಲೇ: ಮೇಲೆಮೇಲೆ ಉಜ್ಜುತ್ತಾರೆ, ಅಥವಾ ಒಂದೇ ಜಾಗದಲ್ಲಿ ಹತ್ತಾರು ಸುತ್ತು ಹಾಕುತ್ತಾರೆ. ಎರಡೂ ಪ್ರಾಣಿಗೆ ಕಿರಿಕಿರಿ.

ಕೆಲಸ ಮಾಡುತ್ತದೆಯೇ ಎಂದರೆ, ಒಂದೂಕಾಲು ಸುತ್ತಿಗೇ ವಿಶೇಷ ಶಕ್ತಿಯಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಆದರೂ ಕಲಿಯಲು ಯೋಗ್ಯವಾದದ್ದೇ. ಲೆಕ್ಕವಿಟ್ಟು ಸುತ್ತು ಹಾಕುವವರ ಕೈ ನಿಧಾನವಾಗುತ್ತದೆ, ಕಣ್ಣು ಪ್ರಾಣಿಯ ಮೇಲಿರುತ್ತದೆ, ಸುತ್ತು ಸುತ್ತಿಗೂ ವಿರಾಮ ಬರುತ್ತದೆ. ಲಾಭದ ದೊಡ್ಡ ಪಾಲು ಅದರಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಕಿವಿ ಸವರುವುದೂ ಇದೇ ವಿಧಾನದ ಭಾಗ. ಹೆಬ್ಬೆರಳು, ತೋರುಬೆರಳ ನಡುವೆ ಕಿವಿಯನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಜಾರಿಸಬೇಕು, ಎಳೆಯಬಾರದು. ಕಿವಿಯೊಳಗೆ ಕೆಟ್ಟ ವಾಸನೆ, ಕಪ್ಪು ಹುಡಿ, ಕೆಂಪು ಕಂಡರೆ ಕಿವಿಗೆ ಕೈ ಹಚ್ಚಬೇಡಿ, ಮೊದಲು ಚಿಕಿತ್ಸೆ ಆಗಲಿ.

ತಿಂಡಿ ತೋರಿಸಿ ಮುಟ್ಟಬೇಕಾ, ಮುಟ್ಟಿ ತಿಂಡಿ ಕೊಡಬೇಕಾ?

ಮೊದಲು ಸ್ಪರ್ಶ, ಒಂದು ಸೆಕೆಂಡಿನ ಬಳಿಕ ತಿಂಡಿ. ಕೈ ಬಂದರೆ ಒಳ್ಳೆಯದಾಗುತ್ತದೆ ಎಂಬ ಪಾಠ ಕೂರುವುದು ಈ ಕ್ರಮದಲ್ಲಿ ಮಾತ್ರ. ತಿಂಡಿ ತೋರಿಸಿ, ಅದು ಬಾಯಿ ಹಾಕುತ್ತಿರುವಾಗ ಇನ್ನೊಂದು ಕೈಯಿಂದ ಮುಟ್ಟಿದರೆ ಪಾಠ ಉಲ್ಟಾ ಆಗುತ್ತದೆ. ತಿಂಡಿಯೇ ಮುಂಬರುವ ಕೇಡಿನ ಸೂಚನೆಯಾಗಿ, ಕೊನೆಗೆ ತೆನಾಲಿ ರಾಮನ ಬೆಕ್ಕಿನಂತೆ ಬಟ್ಟಲು ಕಂಡರೇ ಓಡತೊಡಗುತ್ತದೆ.

ತಿಂಡಿ ಕಡಲೆಕಾಳಿನಷ್ಟು ಚಿಕ್ಕದಿರಲಿ. ಒಂದು ಸಲಕ್ಕೆ ಐದಾರು ಬಾರಿ, ದಿನಕ್ಕೆ ಎರಡು ಮೂರು ಸಲ, ಪ್ರತಿಸಲ ಎರಡು ಮೂರು ನಿಮಿಷ. ಚೆನ್ನಾಗಿ ಹೋಗುತ್ತಿದೆ ಎಂದು ಎಳೆಯುವ ಹತ್ತನೆಯ ನಿಮಿಷವೇ ಕೆಲಸ ಕೆಡಿಸುತ್ತದೆ.

ಕೈ ಕಂಡರೇ ಹಾರಿಬೀಳುತ್ತೆ. ಮುಟ್ಟುವುದು ದೂರದ ಮಾತು.

ಕೈ ಬೇಡ, ಕೋಲಿನಿಂದ ಶುರುಮಾಡಿ. ಸುಮಾರು ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಮೆತ್ತನೆಯ ಕಾಲುಚೀಲ ಸುತ್ತಿ ಕಟ್ಟಿ. ಕೋಲಿನ ಏಟು ತಿಂದ ನಾಯಿಯಾದರೆ ಇದು ಬೇಡ, ಉದ್ದ ಹಿಡಿಯ ಮೆದು ಬ್ರಷ್ ನೋಡಿ, ಅದಕ್ಕೂ ಹೆದರಿದರೆ ದೂರದಲ್ಲಿ ಕೂತು ತಿಂಡಿ ಎಸೆಯುವುದರಲ್ಲೇ ಇನ್ನೊಂದು ವಾರ ಕಳೆಯಿರಿ. ಕೋಲು ನೆಲದ ಮೇಲೆ ಬಿದ್ದಿರಲಿ, ಅದರ ಸುತ್ತ ತಿಂಡಿ ಹಾಕಿ. ಹೆದರಿಕೆ ಹೋದ ಮೇಲೆ ಹೆಗಲಿಗೆ ಒಂದು ಸಲ ಸವರಿ ತೆಗೆಯಿರಿ. ದಿನಕಳೆದಂತೆ ಹಿಡಿಯನ್ನು ಮುಂದೆಮುಂದೆ ಹಿಡಿಯುತ್ತ ಹೋದರೆ ಕಾಲುಚೀಲದ ಜಾಗಕ್ಕೆ ಒಂದು ದಿನ ಬೆರಳುಗಳ ಹೊರಭಾಗ ಬಂದಿರುತ್ತದೆ. ಅಂಗೈಗಿಂತ ಮೊದಲು ಹಿಂಗೈ ಬಳಸಿ. ಹಿಂಗೈಗೆ ಹಿಡಿಯಲು ಬರುವುದಿಲ್ಲ, ಅದು ಪ್ರಾಣಿಗೂ ಬೇಗ ತಿಳಿಯುತ್ತದೆ.

ಮೈಗೆ ಬ್ಯಾಂಡೇಜ್ ಸುತ್ತಿದರೆ ನಾಯಿ ಶಾಂತವಾಗುತ್ತಂತೆ?

ಕೆಲವು ನಾಯಿಗಳಿಗೆ ಹಿತವೆನಿಸುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ, ಕೆಲವು ಮರಗಟ್ಟುತ್ತವೆ. ಅಧ್ಯಯನಗಳ ಫಲಿತಾಂಶವೂ ಮಿಶ್ರ. ನೋಡುವುದಾದರೆ 7ರಿಂದ 10 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್ ಸಾಕು. ಬ್ಯಾಂಡೇಜಿನ ನಡುಭಾಗ ಎದೆಯ ಮುಂದಿರಲಿ. ಎರಡು ತುದಿಗಳನ್ನೂ ಹೆಗಲ ಮೇಲೆ ತಂದು ಅಡ್ಡಹಾಯಿಸಿ, ಪಕ್ಕೆಗುಂಟ ಇಳಿಸಿ, ಮುಂಗಾಲುಗಳ ಹಿಂದೆ ಹೊಟ್ಟೆಯಡಿ ಮತ್ತೆ ಅಡ್ಡಹಾಯಿಸಿ, ಮೇಲೆ ತಂದು ಬೆನ್ನುಮೂಳೆಯ ಮೇಲಲ್ಲದೆ ಪಕ್ಕಕ್ಕೆ ಕಟ್ಟಿ. ಎರಡು ಬೆರಳು ಸಲೀಸಾಗಿ ತೂರಬೇಕು, ಗಂಟಲಿಗೆ ತಾಗಬಾರದು. ಮೊದಲ ಸಲ ಐದು ನಿಮಿಷ, ಹೆಚ್ಚೆಂದರೆ ಹತ್ತು. ಸೆಖೆಯಿದ್ದಾಗ ಬೇಡ, ಕಟ್ಟಿಬಿಟ್ಟು ಹೊರಗೆ ಹೋಗುವುದಂತೂ ಬೇಡವೇ ಬೇಡ. ಕಟ್ಟಿದ ಮೇಲೆ ನಾಯಿ ನಡೆದಾಡಬೇಕು. ನಿಂತಲ್ಲೇ ನಿಂತುಬಿಟ್ಟರೆ ಶಾಂತವಾಗಿದೆ ಎಂದುಕೊಳ್ಳದೆ ಬಿಚ್ಚಿ.

ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಇನ್ನೂ ಜಾಸ್ತಿಯಾಗುತ್ತಾ?

ಇಲ್ಲ. ಹೆದರಿಕೆ ಒಂದು ಭಾವ, ತಿಂಡಿಗಾಗಿ ಮಾಡುವ ಆಟವಲ್ಲ. ಗುಡುಗಿಗೆ ನಡುಗುತ್ತ ನಿಮ್ಮ ಕಾಲಿಗೆ ಒತ್ತಿಕೊಂಡ ನಾಯಿಗೆ ಆಸರೆ ಕೊಡಿ. ಅಂಗೈ ಎದೆಯ ಪಕ್ಕ ಇಟ್ಟು ಸುಮ್ಮನೆ ಕೂರಿ. ಮಂಚದಡಿ ಹೋಗಿ ಅವಿತಿದ್ದರೆ ಎಳೆದು ತಂದು ಮುದ್ದು ಮಾಡಬೇಡಿ.

ಗುರ್ ಎಂದರೆ ಬೈಯಬೇಕಾ?

ಬೈಯಬೇಡಿ. ಗುರುಗುಟ್ಟುವುದು ಎಚ್ಚರಿಕೆಯ ಗಂಟೆ. ಗಂಟೆ ಕಿತ್ತುಹಾಕಿದರೆ ಮುಂದಿನ ಸಲ ಸದ್ದಿಲ್ಲದೆ ಹಲ್ಲು ಬೀಳುತ್ತದೆ. ಕೈಯನ್ನು ಝಾಡಿಸಿ ಎಳೆದುಕೊಳ್ಳದೆ ನಿಧಾನ ಹಿಂತೆಗೆದು, ಮುಖ ತಿರುಗಿಸಿ, ಪಕ್ಕಕ್ಕೆ ಸರಿಯಿರಿ. ಆಮೇಲೆ ಯಾವ ಜಾಗ ಮುಟ್ಟಿದಾಗ ಹಾಗಾಯಿತು ಎಂದು ಬರೆದಿಟ್ಟುಕೊಳ್ಳಿ. ಪ್ರತಿಸಲ ಅದೇ ಜಾಗವಾದರೆ ನೋವಿರಬಹುದು. ಸೊಂಟ ಮುಟ್ಟಿದರೆ ತಿರುಗಿ ನೋಡುವ ನಾಯಿಗೆ ಕೀಲುನೋವು, ಕೆನ್ನೆ ಮುಟ್ಟಗೊಡದ ಬೆಕ್ಕಿಗೆ ಹಲ್ಲುನೋವು ಇರುವುದು ಅಪರೂಪವಲ್ಲ. ನೋವಿಗೆ ನೇವರಿಕೆ ಮದ್ದಲ್ಲ. ನಿಮ್ಮ ಮಾತ್ರೆಯನ್ನೂ ಕೊಡಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಬೆಕ್ಕು ತಾನೇ ಬಂದು ನೇವರಿಸಿಕೊಂಡು, ಮಧ್ಯದಲ್ಲೇ ಕಚ್ಚುತ್ತೆ. ಯಾಕೆ?

ಸಾಕು ಎಂದು ಅದು ಮೂರು ಸಲ ಹೇಳಿಯಾಗಿರುತ್ತದೆ. ಬಾಲದ ತುದಿ ಪಟಪಟ ಬಡಿಯಿತು, ಬೆನ್ನಿನ ಚರ್ಮ ಅಲೆಯಂತೆ ಅದುರಿತು, ಕಿವಿ ಪಕ್ಕಕ್ಕೆ ತಿರುಗಿತು. ನಾವು ಟಿವಿ ನೋಡುತ್ತಿದ್ದೆವು. ಎಷ್ಟು ಸವರಿಕೆಗೆ ಬಾಲ ಆಡಲು ಶುರುವಾಗುತ್ತದೆ ಎಂದು ಎಣಿಸಿ. ಎಂಟಕ್ಕಾದರೆ ಐದಕ್ಕೇ ನಿಲ್ಲಿಸಿ. ನೆಮ್ಮದಿಯಲ್ಲಿದ್ದಾಗ ಬೆಕ್ಕು ಗಂಟಲಲ್ಲಿ ಹೊರಡಿಸುವ ಗುರುಗುರು ಸದ್ದನ್ನೊಂದೇ ನಂಬಬೇಡಿ, ನೋವಿನಲ್ಲೂ ಭಯದಲ್ಲೂ ಬೆಕ್ಕು ಆ ಸದ್ದು ಮಾಡುವುದುಂಟು.

ಮೊಲ, ಗಿಳಿ, ಕುದುರೆ, ಹಸುಗಳಿಗೂ ಇದೇ ವಿಧಾನವಾ?

ತತ್ವ ಅದೇ, ಜಾಗ ಬೇರೆ. ಕುದುರೆಗೆ ಕತ್ತು ಬೆನ್ನಿಗೆ ಸೇರುವ ಉಬ್ಬಿನ ಹತ್ತಿರ ತುರಿಸಿ, ಒಂದಕ್ಕೊಂದು ಅವು ತುರಿಸಿಕೊಡುವುದೂ ಅಲ್ಲೇ. ಆ ಜಾಗ ತುರಿಸಿದಾಗ ಎದೆಬಡಿತ ಇಳಿಯುತ್ತದೆ ಎಂದು 1993ರಲ್ಲೇ ಅಳೆದು ತೋರಿಸಿದ್ದಾರೆ. ಹಸುವಿಗೆ ಕತ್ತಿನ ಕೆಳಭಾಗ, ಗಂಗೆದೊಗಲಿನ ಜಾಗ. ಹಿತವಾದರೆ ಕತ್ತು ಮುಂದೆ ಚಾಚಿ ಕಿವಿ ಜೋಲುಬಿಡುತ್ತದೆ. ಮೊಲಕ್ಕೆ ಹಣೆ, ಕೆನ್ನೆ. ಅದನ್ನು ಅಂಗಾತ ಮಲಗಿಸಿದರೆ ಮಂಪರಿಗೆ ಹೋದಂತೆ ಬಿದ್ದುಕೊಳ್ಳುವ ವಿಡಿಯೋಗಳಿವೆಯಲ್ಲ, ಅದು ನೆಮ್ಮದಿಯಲ್ಲ, ಬೇಟೆಗಾರನ ಬಾಯಿಗೆ ಸಿಕ್ಕಾಗಿನ ಭಯ. ಗಿಳಿಗೆ ತಲೆ, ಕತ್ತು ಮಾತ್ರ. ಬೆನ್ನು, ರೆಕ್ಕೆಯಡಿ ಸವರಿದರೆ ಜೋಡಿಯ ಸಂಕೇತವೆಂದುಕೊಂಡು ಕೆರಳುತ್ತದೆ.

ಕಾಡುಪ್ರಾಣಿಗಳಿಗೆ ಇದಾವುದೂ ಬೇಡ. ಅವಕ್ಕೆ ಮನುಷ್ಯರ ಸ್ಪರ್ಶವೇ ಅಪಾಯ. ಹಿಡಿದ ಗಾಬರಿಗೇ ಸ್ನಾಯುಗಳು ಹಾಳಾಗಿ ಜಿಂಕೆಯಂಥವು ಗಂಟೆಗಳೋ ದಿನಗಳೋ ಕಳೆದು ಸಾಯುವುದುಂಟು. ಕತ್ತಲೆಯ ಪೆಟ್ಟಿಗೆ, ನಿಶ್ಶಬ್ದ, ತಕ್ಷಣ ವನ್ಯಜೀವಿ ರಕ್ಷಕರಿಗೆ ಕರೆ, ಅಷ್ಟೇ.

ಎಣ್ಣೆ ಹಚ್ಚಿ ಮಸಾಜ್ ಮಾಡಬಹುದಾ?

ಬೇಡ, ನೆಕ್ಕಿ ನುಂಗುತ್ತವೆ. ಟೀ ಟ್ರೀಯಂಥ ಸುಗಂಧ ತೈಲಗಳು ಬೆಕ್ಕಿಗೆ ವಿಷ.

ಕಚ್ಚಿಬಿಟ್ಟರೆ?

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಅದೇ ದಿನ ವೈದ್ಯರಲ್ಲಿಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಪರಚಿದ ಗಾಯಕ್ಕೂ ಇದೇ. ಬೆಕ್ಕಿನ ಹಲ್ಲಿನ ತೂತು ಸಣ್ಣದಾಗಿ ಕಂಡರೂ ಆಳಕ್ಕಿಳಿದು ಬೇಗ ಕೀವಾಗುತ್ತದೆ. ಹೊಸದಾಗಿ ಬಂದ ಪ್ರಾಣಿಗೆ ದುಂಡಗೆ ಕೂದಲುದುರಿದ್ದರೆ ಹುಳುಕಡ್ಡಿ ಇರಬಹುದು, ಕೈಗವಸು ಹಾಕಿಕೊಳ್ಳಿ.

ಹೊಸ ಮನೆಗೆ ಕಳಿಸುವಾಗ ಏನು ಹೇಳಿ ಕಳಿಸಬೇಕು?

ಬಾಯಲ್ಲಿ ಹೇಳಿದ್ದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಕ್ರೇಟಿಗೆ ಅಂಟಿಸಿ. "ಹೆಣ್ಣುನಾಯಿ" ಎಂದಷ್ಟೇ ಬರೆದ ಚೀಟಿ ಯಾರಿಗೂ ಉಪಯೋಗವಿಲ್ಲ. ಹೀಗಿರಲಿ: "ಎಡಗಡೆಯಿಂದ ಬನ್ನಿ, ಬಲಗಣ್ಣು ಮಂದ. ಎದೆ, ಎಡಹೆಗಲು ಇಷ್ಟ. ಹಿಂಗಾಲು ಮುಟ್ಟಿದರೆ ಮೊದಲು ತುಟಿ ನೆಕ್ಕುತ್ತದೆ, ಆಮೇಲೆ ಗುರ್ ಎನ್ನುತ್ತದೆ, ಕಚ್ಚಿಲ್ಲ. ನಾಲ್ಕು ಸವರಿಕೆಗೆ ನಿಲ್ಲಿಸಿ. ಪೊರಕೆ ಕಂಡರೆ ಓಡುತ್ತದೆ, ಹಿಂದೆ ಹೋಗಬೇಡಿ. ಹತ್ತು ನಿಮಿಷಕ್ಕೆ ತಾನೇ ಬರುತ್ತದೆ."